ಕೌದಿಯಲ್ಲಿ ಒಂದು ಸೀಮೆ

ಹಳೆಯ ಬಟ್ಟೆಗೆ ಎರಡನೆಯ ಬಾಳನ್ನು ಕೊಡುವ ಕೈಕೆಲಸಗಳಲ್ಲಿ ಕೌದಿಗೆ ಹಿರಿಯ ಸ್ಥಾನವುಂಟು. ಉಟ್ಟು ಸವೆದ ಸೀರೆ, ಅಂಚು ಹರಿದ ಧೋತರ, ಮಗುವಿಗೆ ಗಿಡ್ಡವಾದ ಲಂಗ, ತೋಳು ಪಿಸಿದ ಅಂಗಿ, ಕುಪ್ಪಸ ಹೊಲಿದು ಮಿಕ್ಕ ಖಣದ ಚೂರು, ಇವು ಒಂದೊಂದಾಗಿ ಯಾವ ಕೆಲಸಕ್ಕೂ ಬಾರವು. ಇವನ್ನೇ ಪದರ ಪದರವಾಗಿ ಹರಡಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಒತ್ತಾಗಿ ಹೊಲಿದಾಗ ಹಲವು ಚಳಿಗಾಲಗಳನ್ನು ತಡೆಯಬಲ್ಲ ಹೊದಿಕೆ ಸಿದ್ಧವಾಗುತ್ತದೆ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿಯೂ ತುಂಗಭದ್ರೆಯ ಈಚೆ ದಡದ ಹರಿಹರ, ದಾವಣಗೆರೆ ಸೀಮೆಯಲ್ಲಿಯೂ ಇದಕ್ಕೆ ಕೌದಿ ಅಥವಾ ಕವದಿ ಎಂದು ಹೆಸರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಗಾದೆ. ಕೌದಿಯುಳ್ಳ ಮನೆಯಲ್ಲಿ ಮಾತ್ರ ಕಾಲು ಉದ್ದವಾದರೆ ಹಾಸಿಗೆಯನ್ನೂ ಒಂದು ಸಾಲು ಬೆಳೆಸಿಕೊಳ್ಳುವ ಅನುಕೂಲವಿತ್ತು.

ಚಿಂದಿಯನ್ನು ಕೂಡಿಸಿ ಹೊಲಿಯುವ ಈ ಪದ್ಧತಿ ಕನ್ನಡನಾಡಿಗೆ ಮಾತ್ರ ಸೇರಿದುದಲ್ಲ. ಮರಾಠಿಗರು ಇದನ್ನು ಗೋಧಡಿ ಎನ್ನುತ್ತಾರೆ. ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ, ಸಿಂಧ್ ಪ್ರಾಂತದಲ್ಲಿ ರಲ್ಲಿ ಎಂಬ ಹೆಸರುಗಳಿವೆ. ಬಂಗಾಳದ ಹೆಸರಿಗೆ ಹತ್ತಿರವಾದ ಕಂಥೆ ಎಂಬ ಶಬ್ದ ನಮ್ಮ ಹಳೆಯ ಕಾವ್ಯಗಳನ್ನು ಓದಿದವರಿಗೆ ಹೊಸದಲ್ಲ. ಜೋಗಿಗಳೂ ವಿರಕ್ತರೂ ತೊಡುತ್ತಿದ್ದ ತೇಪೆಯ ಉಡುಪಿಗೆ ಆ ಹೆಸರಿತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನೊಬ್ಬನಿದ್ದನೆಂಬುದನ್ನು ನೆನೆದರೆ, ಸೂಜಿ ಹಿಡಿದು ಬಾಳುವುದನ್ನು ಈ ನಾಡು ಕೀಳೆಂದು ಎಣಿಸಲಿಲ್ಲವೆಂದು ಹೇಳಬಹುದು.

ಕೌದಿ ಹೊಲಿಯುವ ಕ್ರಮ ನೋಡಲು ಸರಳ, ಮಾಡಲು ಕಷ್ಟ. ಮೊದಲು ಬಟ್ಟೆಗಳನ್ನು ಒಗೆದು ಒಣಗಿಸಿ, ಗುಂಡಿ, ಕೊಕ್ಕೆ, ದಪ್ಪನೆಯ ಹೊಲಿಗೆಯ ಅಂಚು ಇವನ್ನೆಲ್ಲ ಬಿಡಿಸಿ ತೆಗೆಯುತ್ತಾರೆ. ಗಟ್ಟಿಯಾಗಿ ಉಳಿದಿರುವ ಸೀರೆಯನ್ನು ಅಡಿಪದರಕ್ಕೆಂದು ಬೇರೆ ಇಡುತ್ತಾರೆ. ತೀರ ಸವೆದುದು ನಡುವಿನ ಪದರಕ್ಕೆ. ಬಣ್ಣ ಮಾಸದೆ ಉಳಿದ ಭಾಗಗಳು ಮೇಲಿನ ತುಂಡುಗಳಿಗೆ. ಹೀಗೆ ವಿಂಗಡಿಸುವುದರಲ್ಲಿಯೇ ಅರ್ಧ ಜಾಣತನವಿದೆ. ಬಳಿಕ ಸಾರಿಸಿದ ಅಂಗಳದಲ್ಲಿಯೋ ಪಡಸಾಲೆಯಲ್ಲಿಯೋ ಅಡಿಪದರವನ್ನು ಸುಕ್ಕಿಲ್ಲದಂತೆ ಹರಡಿ, ನಾಲ್ಕು ಮೂಲೆಗೂ ಕಲ್ಲು ಹೇರಿ, ಅದರ ಮೇಲೆ ಮಿಕ್ಕ ಪದರಗಳನ್ನು ಹಾಸುತ್ತಾರೆ. ಹೊಲಿಗೆ ಅಂಚಿನಿಂದ ಆರಂಭವಾಗಿ ಸುತ್ತು ಸುತ್ತಾಗಿ ಒಳಕ್ಕೆ ಸಾಗುತ್ತದೆ. ಇಲ್ಲವೆ ಒಂದು ಬದಿಯಿಂದ ಇನ್ನೊಂದು ಬದಿಗೆ ಉಳುಮೆಯ ಸಾಲಿನಂತೆ ನೇರವಾಗಿ ಹೋಗುತ್ತದೆ. ಸೂಜಿ ಮೇಲಿನಿಂದ ಇಳಿದು ಕೆಳಗಿನಿಂದ ಏಳುವ ಸಾದಾ ಹೊಲಿಗೆ ಅದು. ಸಾಲಿಗೂ ಸಾಲಿಗೂ ನಡುವೆ ಒಂದು ಬೆರಳಿನಷ್ಟು ಅಂತರ. ಹೊಲಿಗೆ ವಿರಳವಾದರೆ ಒಗೆದಾಗ ಒಳಗಿನ ಚಿಂದಿ ಒಂದೆಡೆ ಮುದ್ದೆಗಟ್ಟುತ್ತದೆ. ತೀರ ಒತ್ತಾದರೆ ಕೌದಿ ಹಲಗೆಯಂತೆ ಸೆಟೆದುಕೊಳ್ಳುತ್ತದೆ. ಇವೆರಡರ ನಡುವಿನ ಹದವನ್ನು ಕೈಯೇ ಕಲಿಯಬೇಕು.

ಇಷ್ಟು ಪದರಗಳೇಕೆ ಎಂದು ಕೇಳಬಹುದು. ಕೌದಿ ಬೆಚ್ಚಗಿರುವುದು ಬಟ್ಟೆಯ ದಪ್ಪದಿಂದ ಮಾತ್ರವಲ್ಲ. ಪದರ ಪದರಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ನಿಂತ ಗಾಳಿ ಶಾಖವನ್ನು ಬೇಗ ಸಾಗಿಸದು. ಆದುದರಿಂದ ಮೈಯ ಬಿಸಿ ಹೊರಕ್ಕೆ ಹೋಗದೆ ಒಳಗೇ ನಿಲ್ಲುತ್ತದೆ. ಒಂದು ದಪ್ಪನೆಯ ಜಮಖಾನಕ್ಕಿಂತ ಅಷ್ಟೇ ತೂಕದ ತೆಳುವಾದ ನಾಲ್ಕಾರು ಪದರಗಳು ಹೆಚ್ಚು ಬೆಚ್ಚಗೆನಿಸಲು ಇದೇ ಕಾರಣ. ಹಳೆಯ ಹತ್ತಿಯ ಸೀರೆಗೆ ಇನ್ನೊಂದು ಗುಣವಿದೆ. ನೂರಾರು ಬಾರಿ ಒಗೆದು ಅದರ ನೂಲು ಮೆತ್ತಗಾಗಿರುತ್ತದೆ, ಗಂಜಿಯ ಬಿರುಸು ಹೋಗಿರುತ್ತದೆ, ಬೆವರನ್ನು ಹೀರಿಕೊಳ್ಳುತ್ತದೆ. ಹುಟ್ಟಿದ ಕೂಸಿಗೆ ಹೊಸ ಬಟ್ಟೆಗಿಂತ ಅಜ್ಜಿಯ ಹಳೆಯ ಸೀರೆಯ ಕೌದಿಯೇ ಮೇಲೆಂದು ಹಿರಿಯರು ಹೇಳುತ್ತಿದ್ದುದರಲ್ಲಿ ಅಕ್ಕರೆಯ ಜೊತೆಗೆ ಅನುಭವವೂ ಇತ್ತು.

ಮನೆಯ ಹೆಂಗಸರು ಬಿಡುವಿನ ವೇಳೆಯಲ್ಲಿ ಕೌದಿ ಹೊಲಿಯುತ್ತಿದ್ದುದು ಸರಿಯೇ. ಆದರೆ ಅದನ್ನೇ ಕಾಯಕ ಮಾಡಿಕೊಂಡವರೂ ಇದ್ದರು. ಗೊಂದಲಿಗರೇ ಮೊದಲಾದ ಅಲೆಮಾರಿ ಸಮುದಾಯಗಳ ಹೆಂಗಸರು ಸುಗ್ಗಿ ಮುಗಿದ ಮೇಲೆ ಊರಿಂದೂರಿಗೆ ಬರುತ್ತಿದ್ದರು. ಮನೆಯೊಡತಿ ವರ್ಷವೆಲ್ಲ ಗಂಟು ಕಟ್ಟಿಟ್ಟ ಹಳೆಯ ಬಟ್ಟೆಯನ್ನು ತಂದು ಅಂಗಳದಲ್ಲಿ ಸುರಿದರೆ, ಇಬ್ಬರು ಮೂವರು ಎದುರುಬದುರಾಗಿ ಕುಳಿತು ಹೊಲಿಗೆಗೆ ತೊಡಗುತ್ತಿದ್ದರು. ಕೂಲಿಯಾಗಿ ಕಾಸು, ಜೋಳ, ಹೊತ್ತಿನ ಊಟ ದೊರೆಯುತ್ತಿತ್ತು. ನಕಾಶೆಯಿಲ್ಲದೆ, ಅಳತೆಪಟ್ಟಿಯಿಲ್ಲದೆ, ಗೇಣು ಮೊಳಗಳ ಲೆಕ್ಕದಲ್ಲಿಯೇ ಅವರು ಬಣ್ಣಗಳನ್ನು ಎದುರುಬದುರು ಕೂಡಿಸುತ್ತಿದ್ದ ಬಗೆಯನ್ನು ಕಂಡವರು ಮರೆಯಲಾರರು. ಊರೂರು ತಿರುಗುವವರಾದ್ದರಿಂದ ಒಂದೂರಿನ ಜೋಡಣೆಯ ಬಗೆ ಇನ್ನೊಂದೂರಿಗೆ ಅವರ ಕೈಯ ಮೂಲಕವೇ ದಾಟಿತು. ಪ್ರವಾಸ ಕೌದಿಗೆ ಹೊಸದಾಗಿ ಬಂದ ವಿಷಯವೇನಲ್ಲ ಎಂಬುದಕ್ಕೆ ಇಷ್ಟು ಸಾಕು.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ವಾಸಿಸುವ ಸಿದ್ದಿ ಸಮುದಾಯದ ಕೌದಿಗಳನ್ನು ಇಲ್ಲಿ ಹೆಸರಿಸಲೇಬೇಕು. ಆಫ್ರಿಕಾ ಮೂಲದ ಈ ಜನರ ಹಿರಿಯರು ಶತಮಾನಗಳ ಹಿಂದೆ ಕಡಲು ದಾಟಿ ಬಂದವರು. ಬಹುಮಂದಿ ತಮ್ಮ ಇಚ್ಛೆಯಿಂದ ಬಂದವರಲ್ಲ, ಗುಲಾಮರಾಗಿ ತರಲ್ಪಟ್ಟವರು. ಸಿದ್ದಿ ಹೆಂಗಸರು ಮೂಲೆಯೊಂದರಿಂದ ಹೊಲಿಗೆ ಹಿಡಿದು ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗಳಿಗೆ ಮುಕ್ಕೋನಾಗಿ ಮಡಿಸಿದ ಬಟ್ಟೆಯ ಹೂಗಳನ್ನು ಕೂಡಿಸುತ್ತಾರೆ. ಹೂವಿಲ್ಲದ ಕೌದಿ ಬತ್ತಲೆ ಎಂಬುದು ಅವರ ಭಾವನೆ. ಅವರ ಕೌದಿಗಳು ಈಗ ಹೊರದೇಶಗಳ ಕಲಾಭಿಮಾನಿಗಳ ಗಮನವನ್ನೂ ಸೆಳೆದಿವೆ.

ಇನ್ನು ದಾವಣಗೆರೆಯ ವಿಚಾರ. ಬೇತೂರಿನ ಮಗ್ಗುಲಿನ ಸಣ್ಣ ಹಳ್ಳಿಯಾಗಿದ್ದ ಈ ಊರನ್ನು ಹೈದರಾಲಿಯು ಆಪಾಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅವನು ವರ್ತಕರನ್ನು ಕರೆಸಿ ನೆಲೆಗೊಳಿಸಿದ ಮೇಲೆ ಊರು ಪೇಟೆಯಾಗಿ ಬೆಳೆಯಿತು. ಸುತ್ತಣ ಎರೆಭೂಮಿಯಲ್ಲಿ ಹತ್ತಿ ಬೆಳೆಯುತ್ತಿತ್ತು, ರೈಲುಮಾರ್ಗ ಬಂದಿತು, ಇಪ್ಪತ್ತನೆಯ ಶತಮಾನದಲ್ಲಿ ನೂಲುವ ನೇಯುವ ಗಿರಣಿಗಳು ಒಂದರ ಹಿಂದೊಂದು ಎದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಊರಿಗೆ ಅಂಟಿಕೊಂಡಿತು. ಗಿರಣಿಯ ಕೊಳವೆಯ ಕೂಗಿಗೆ ಏಳುವ, ಊಟ ಮಾಡುವ, ಮಲಗುವ ಮನೆಗಳು ಸಾವಿರಾರು ಇದ್ದವು. ಹತ್ತಿ ಹೊಲದಿಂದ ಗಿರಣಿಗೆ, ಗಿರಣಿಯಿಂದ ಅಂಗಡಿಗೆ, ಅಂಗಡಿಯಿಂದ ಮೈಗೆ, ಮೈಯಿಂದ ಕೌದಿಗೆ ಬರುವ ಇಡೀ ದಾರಿ ಒಂದೇ ಸೀಮೆಯೊಳಗೆ ಮುಗಿಯಬಹುದಾಗಿತ್ತು. ಅಂಥ ಊರುಗಳು ಹೆಚ್ಚಿಲ್ಲ.

ಆ ಶತಮಾನ ಮುಗಿಯುವ ವೇಳೆಗೆ ಹಳೆಯ ಗಿರಣಿಗಳಲ್ಲಿ ಬಹುಪಾಲು ಬಾಗಿಲು ಮುಚ್ಚಿದವು. ಅದೇ ಹೊತ್ತಿಗೆ ಮನೆಗಳ ಬಟ್ಟೆಯ ಗಂಟೂ ಬದಲಾಯಿತು. ಹತ್ತಿಯ ಸೀರೆಯ ಜಾಗಕ್ಕೆ ಪಾಲಿಯೆಸ್ಟರ್ ಸೀರೆ ಬಂದಿತು. ಅದು ಬೇಗ ಹರಿಯದು, ನೀರು ಹೀರದು, ಸೂಜಿಗೆ ಜಾರುತ್ತದೆ, ಬೆಂಕಿ ತಾಕಿದರೆ ಕರಗಿ ಮೈಗೆ ಅಂಟುತ್ತದೆ. ಅದರಿಂದ ಹೊಲಿದ ಕೌದಿ ಬಣ್ಣದಲ್ಲಿ ಮಿಂಚಬಹುದು, ಹೊದ್ದರೆ ಬೆವರಿಳಿಯುತ್ತದೆ. ಹರಿಹರದ ಎದುರು ದಡದಲ್ಲಿರುವ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಮರದ ತಿರುಳಿನಿಂದ ತಯಾರಾಗುವ ವಿಸ್ಕೋಸ್ ನಾರು ಈ ವಿಷಯದಲ್ಲಿ ಹತ್ತಿಗೆ ಹೆಚ್ಚು ಹತ್ತಿರವಾದುದು. ಇತ್ತ ಪೇಟೆಯಲ್ಲಿ ಯಂತ್ರದಿಂದ ಮಾಡಿದ ಹೊದಿಕೆ ಅಗ್ಗದ ಬೆಲೆಗೆ ಸಿಗತೊಡಗಿತು. ಅಂಗಳಗಳು ಕಿರಿದಾದವು. ಊರೂರು ತಿರುಗುವ ಹೊಲಿಗೆಯವರನ್ನು ಕರೆದು ಕೂರಿಸುವವರು ಕಡಿಮೆಯಾದರು. ಕೈ ಬಿಟ್ಟ ಕೆಲಸವನ್ನು ಬಾಯಿಮಾತಿನಿಂದ ಮಕ್ಕಳಿಗೆ ಕಲಿಸಲಾಗದು. ಒಂದು ತಲೆಮಾರು ಹೊಲಿಯದಿದ್ದರೆ ಮುಂದಿನ ತಲೆಮಾರಿಗೆ ಹದ ತಿಳಿಯುವುದಿಲ್ಲ. ನಗರಗಳ ಕೆಲವು ಅಂಗಡಿಗಳಲ್ಲಿ ಕೌದಿ ಈಗ ದುಬಾರಿ ವಸ್ತುವಾಗಿ ಮತ್ತೆ ಕಾಣಿಸಿಕೊಂಡಿದೆ. ಅದು ಸಂತೋಷದ ಸಂಗತಿಯೇ. ಆದರೆ ಕೊಂಡವರು ಕೊಟ್ಟ ಹಣದಲ್ಲಿ ಸೂಜಿ ಹಿಡಿದವಳಿಗೆ ಎಷ್ಟು ಸೇರಿತು ಎಂಬ ಪ್ರಶ್ನೆಯನ್ನು ಕೇಳದೆ ಇರಲಾಗದು.

ಸಾಂಪ್ರದಾಯಿಕ ಕೌದಿಯಲ್ಲಿ ಚಿತ್ರಗಳು ಕಡಿಮೆ. ಚೌಕ, ಪಟ್ಟಿ, ಮುಕ್ಕೋನು ಇವುಗಳ ಜೋಡಣೆಯೇ ಅದರ ಅಲಂಕಾರ. ಹಾಗಾದರೆ ಕಂಡ ಊರನ್ನೂ ಕೇಳಿದ ಕಥೆಯನ್ನೂ ಅದರ ಮೇಲೆ ತರುವುದು ಸರಿಯೇ ಎಂಬ ಸಂದೇಹ ಏಳಬಹುದು. ಸೂಜಿಯಿಂದ ಕಥೆ ಹೇಳುವುದು ನಮ್ಮ ಹೆಂಗಸರಿಗೆ ಅಪರಿಚಿತವಾಗಿರಲಿಲ್ಲ. ಧಾರವಾಡ ಸೀಮೆಯ ಕಸೂತಿಯಲ್ಲಿ ಗೋಪುರ, ತೇರು, ಅಂಬಾರಿಯಾನೆ, ತುಳಸಿಕಟ್ಟೆ, ಗಿಳಿ ಇವೆಲ್ಲ ಎಳೆ ಎಣಿಸಿ ಹಾಕಿದ ಹೊಲಿಗೆಯಲ್ಲಿ ಮೂಡುತ್ತವೆ. ಜಾತ್ರೆಗೆ ಹೋದವಳು ಕಂಡ ತೇರು ಮನೆಗೆ ಬಂದು ಸೀರೆಯ ಸೆರಗಿಗೆ ಇಳಿದಿದೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ಸುತ್ತುತ್ತಿದ್ದ ಲಂಬಾಣಿಗರ ಹೆಂಗಸರು ಚೀಲ, ಕಂಚುಕಗಳ ಮೇಲೆ ಕನ್ನಡಿ, ಕವಡೆ, ಬಣ್ಣದ ತುಂಡುಗಳನ್ನು ಕೂಡಿಸಿ ಹೊಲಿದರು. ಅವರ ಗುರು ಸಂತ ಸೇವಾಲಾಲರ ಕ್ಷೇತ್ರವಾದ ಸೂರಗೊಂಡನಕೊಪ್ಪ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿಯೇ ಇದೆ. ಬಂಗಾಳದ ಕಾಂಥಾ ಹೊಲಿಯುವವರು ಸೀರೆಯ ಅಂಚಿನಿಂದಲೇ ಬಣ್ಣದ ಎಳೆ ಬಿಡಿಸಿ ಮರ, ಮೀನು, ಪಲ್ಲಕ್ಕಿಗಳನ್ನು ಬಿಡಿಸುತ್ತಾರೆ. ತನ್ನ ಬಾಳಿನ ಕಥೆಯನ್ನು ಕಾಂಥಾದಲ್ಲಿ ಹೊಲಿದಿಟ್ಟ ಹಳ್ಳಿಯ ಹೆಣ್ಣೊಬ್ಬಳನ್ನು ಕುರಿತು ಜಸೀಮುದ್ದೀನ್ ಎಂಬ ಕವಿ 1929ರಲ್ಲಿ ಬಂಗಾಳಿಯಲ್ಲಿ ಕಥನಕಾವ್ಯವನ್ನೇ ಪ್ರಕಟಿಸಿದನು. ಅಮೆರಿಕದಲ್ಲಿ ನೆಲೆಸಲು ಹೋದ ಕುಟುಂಬಗಳ ಹೆಂಗಸರು ಹೊದಿಕೆಯನ್ನು ಒಂದೊಂದೇ ಚೌಕವಾಗಿ ಹೊಲಿದು ಕೊನೆಗೆ ಕೂಡಿಸುವ ಪದ್ಧತಿಯನ್ನು ಬೆಳೆಸಿದರು. ಆ ಚೌಕಗಳಿಗೆ ಹಾರುವ ಬಾತುಗಳು, ದಿಮ್ಮಿಯ ಮನೆ, ಕರಡಿಯ ಹೆಜ್ಜೆ ಎಂಬಂಥ ಹೆಸರುಗಳು ಬಂದವು. ಸುತ್ತಲೂ ಕಂಡುದೇ ಹೆಸರಾಯಿತು. ಒಬ್ಬೊಬ್ಬರು ಒಂದೊಂದು ಚೌಕ ಹೊಲಿದು ಹಲವರು ಕೂಡಿ ಒಂದು ಹೊದಿಕೆ ಮಾಡುವುದೂ ಅಲ್ಲಿ ಬಳಕೆಯಲ್ಲಿತ್ತು. ಶಾಲೆಯ ಒಂದು ತರಗತಿಗೆ ಇದಕ್ಕಿಂತ ಒಪ್ಪುವ ಪದ್ಧತಿ ಬೇರೊಂದಿರಲಾರದು.

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಬಸ್ಸಿನಲ್ಲಿ ಕುಳಿತು ಕಿಟಕಿಯ ಹೊರಗೆ ನೋಡದೆ ಹೋದರೆ ಇದು ಪ್ರಯಾಣವೇ ಅಲ್ಲ. ನೋಡುತ್ತ ಹೋದರೆ ಒಂದು ಕೌದಿಗೆ ಸಾಲುವಷ್ಟು ಸಾಮಗ್ರಿ ಇಲ್ಲಿದೆ. ಬಿರಿದ ಹತ್ತಿಕಾಯಿ, ಗಿರಣಿಯ ಹೊಗೆಗೊಳವೆ, ಮಂಡಕ್ಕಿಯ ಭಟ್ಟಿ, ನಗರದೇವತೆ ದುರ್ಗಾಂಬಿಕೆಯ ಜಾತ್ರೆ, ದಾರಿಯ ಮಗ್ಗುಲಿನ ದೊಡ್ಡಬಾತಿಯ ಗುಡ್ಡ ಮತ್ತು ಕೆರೆ. ಬೆಣ್ಣೆದೋಸೆಯನ್ನು ಬಿಟ್ಟರೆ ದಾವಣಗೆರೆಯವರು ಒಪ್ಪಲಾರರು. ಒಂದು ದುಂಡು ತುಂಡಿನ ನಡುವೆ ಒಂದು ಬಿಳಿಯ ಚುಕ್ಕೆ ಹೊಲಿದರೆ ಅದೂ ಆಯಿತು. ಹೊಲಿಗೆಯನ್ನು ಈಗತಾನೇ ಕಲಿಯುವವರಿಗೆ ಆ ಚೌಕವನ್ನೇ ಕೊಡುವುದು ಒಳ್ಳೆಯದು.

ಹರಿಹರಕ್ಕೆ ಬಂದರೆ ಕಥೆ ಎದುರಾಗುತ್ತದೆ. ಗುಹಾಸುರನೆಂಬ ರಾಕ್ಷಸನು ಬ್ರಹ್ಮನನ್ನು ಕುರಿತು ತಪಸ್ಸು ಮಾಡಿ, ಹರಿಯಿಂದಲೂ ಹರನಿಂದಲೂ ತನಗೆ ಸಾವು ಬರಬಾರದೆಂದು ವರ ಪಡೆದನಂತೆ. ವರ ದೊರೆತ ಮೇಲೆ ಅವನ ಉಪಟಳಕ್ಕೆ ಮಿತಿಯಿಲ್ಲವಾಯಿತು. ಅವನ ಸೀಮೆ ಪೂರ್ವಕ್ಕೆ ಉಚ್ಚಂಗಿದುರ್ಗ, ದಕ್ಷಿಣಕ್ಕೆ ಗೋವಿನಕೋವಿ, ಪಶ್ಚಿಮಕ್ಕೆ ಮುದನೂರು, ಉತ್ತರಕ್ಕೆ ಐರಣಿಯವರೆಗೆ ಹಬ್ಬಿತ್ತೆಂದು ಸ್ಥಳಪುರಾಣ ಹೇಳುತ್ತದೆ. ದೇವತೆಗಳು ಮೊರೆಯಿಟ್ಟಾಗ ಹರಿ ಹರರಿಬ್ಬರೂ ಒಂದೇ ಮೈಯಾಗಿ ಬಂದರು. ಬಂದವನು ಹರಿಯೂ ಅಲ್ಲ, ಹರನೂ ಅಲ್ಲ. ವರ ಸುಳ್ಳಾಗಲಿಲ್ಲ, ರಾಕ್ಷಸನೂ ಉಳಿಯಲಿಲ್ಲ. ಸಾಯುವಾಗ ಅವನು ಈ ಸ್ಥಳಕ್ಕೆ ತನ್ನ ಹೆಸರಿರಲೆಂದು ಬೇಡಿಕೊಂಡುದರಿಂದ ಇದಕ್ಕೆ ಗುಹಾರಣ್ಯ ಕ್ಷೇತ್ರವೆಂಬ ಹೆಸರೂ ಉಳಿಯಿತಂತೆ. ಇಂದು ನಿಂತಿರುವ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದನು. ಸೋಮನಾಥಪುರವನ್ನು ನಿರ್ಮಿಸಿದ ಸೋಮ ದಂಡನಾಯಕನು 1268ರಲ್ಲಿ ಅದನ್ನು ವಿಸ್ತರಿಸಿದನು. ಗರ್ಭಗುಡಿಯ ಮೂರ್ತಿಯಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣು.

ಎರಡು ಬೇರೆ ಬೇರೆ ತುಂಡುಗಳು ನಟ್ಟನಡುವಿನ ಒಂದು ಹೊಲಿಗೆಯಿಂದ ಒಂದಾಗುವುದು ಕೌದಿಯ ಸಾಮಾನ್ಯ ಕೆಲಸ. ಆದುದರಿಂದ ಹರಿಹರನ ಚೌಕ ಕೌದಿಗೆ ಬಹಳ ಒಪ್ಪುತ್ತದೆ. ವಿಭೂತಿಯನ್ನು ಸೂಚಿಸಲು ಬೂದಿಬಣ್ಣದ ಬಟ್ಟೆ ಒಂದು ಪಾಲು, ಪೀತಾಂಬರವನ್ನು ಸೂಚಿಸಲು ಹಳದಿ ಬಟ್ಟೆ ಇನ್ನೊಂದು ಪಾಲು. ಒಂದು ಬದಿಗೆ ತ್ರಿಶೂಲ, ಇನ್ನೊಂದು ಬದಿಗೆ ಚಕ್ರ. ಮೂಗು, ಕಣ್ಣು, ಬಾಯಿ ಬಿಡಿಸುವ ಅಗತ್ಯವಿಲ್ಲ. ಆದರೆ ಇಲ್ಲಿ ಹೆಚ್ಚಿನವರು ಎಡವುವ ಒಂದು ಸ್ಥಳವಿದೆ. ಮೂರ್ತಿಯ ಬಲಭಾಗ ಎದುರು ನಿಂತು ನೋಡುವವರಿಗೆ ಎಡಕ್ಕೆ ಕಾಣುತ್ತದೆ. ಆದುದರಿಂದ ಬೂದಿಬಣ್ಣ ನೋಡುವವರ ಎಡಕ್ಕೆ ಬರಬೇಕು. ಇನ್ನು ಚಿತ್ರವನ್ನು ಬಟ್ಟೆಯ ಹಿಂಬದಿಯಲ್ಲಿ ಗುರುತು ಹಾಕಿ ಕತ್ತರಿಸಿದರೆ ಮುಂಬದಿಯಲ್ಲಿ ಎಲ್ಲವೂ ಅದಲುಬದಲಾಗುತ್ತದೆ. ಕನ್ನಡಿಯಲ್ಲಿ ಅಕ್ಷರ ತಿರುಗುವಂತೆಯೇ ಇದು. ಕತ್ತರಿ ಹಾಕುವ ಮೊದಲು ಕಾಗದದ ಮೇಲೆ ಬರೆದು, ಅದನ್ನು ಬಟ್ಟೆಯ ಮೇಲಿಟ್ಟು ನೋಡಿದರೆ ಬಟ್ಟೆ ಹಾಳಾಗುವುದಿಲ್ಲ.

ದೇವಾಲಯದಲ್ಲಿ ಕಥೆಗಿಂತಲೂ ಹೊಲಿಗೆಗೆ ಹತ್ತಿರವಾದುದು ಛಾವಣಿ. ಚಾಲುಕ್ಯ, ಹೊಯ್ಸಳ ಶಿಲ್ಪಿಗಳು ನಾಲ್ಕು ಕಂಬಗಳ ನಡುವಿನ ಚೌಕವನ್ನು ಮುಚ್ಚಲು ಮೂಲೆಗಳಿಗೆ ಮುಕ್ಕೋನು ಕಲ್ಲುಗಳನ್ನಿಟ್ಟು, ಒಳಗೆ ಓರೆಯಾದ ಚೌಕವೊಂದನ್ನು ಉಳಿಸಿ, ಅದರ ಮೂಲೆಗಳನ್ನೂ ಹಾಗೆಯೇ ಮುಚ್ಚುತ್ತ ಹೋಗುವ ಉಪಾಯವನ್ನು ಬಲ್ಲವರಾಗಿದ್ದರು. ಬಟ್ಟೆಯ ಚೌಕವೊಂದರ ನಾಲ್ಕು ಮೂಲೆಗಳನ್ನು ನಡುಬಿಂದುವಿಗೆ ಮಡಿಸಿದರೆ ಅದೇ ಆಕಾರ ಬರುತ್ತದೆ. ಪ್ರತಿಬಾರಿ ಒಳಗಿನ ಚೌಕದ ವಿಸ್ತೀರ್ಣ ಹೊರಗಿನದರ ಅರ್ಧ. ಹನ್ನೆರಡು ಅಂಗುಲದ ಚೌಕದೊಳಗೆ ಎರಡು ಸಲ ಹೀಗೆ ಮಾಡಿದರೆ ನಡುವೆ ಆರು ಅಂಗುಲದ ಚೌಕ ಉಳಿಯುತ್ತದೆ. ಕಲ್ಲಿನವರೂ ಬಟ್ಟೆಯವರೂ ಒಂದೇ ಕ್ಷೇತ್ರಗಣಿತವನ್ನು ಬಳಸಿದ್ದಾರೆ, ಅಷ್ಟೇ. ಒಬ್ಬರಿಗೆ ಶಾಸನ ದೊರೆಯಿತು, ಇನ್ನೊಬ್ಬರ ಹೆಸರು ಯಾರಿಗೂ ತಿಳಿಯದು.

ಊರಿನ ಮಗ್ಗುಲಲ್ಲಿ ಹರಿದ್ರಾ ಎಂಬ ಹಳ್ಳ ತುಂಗಭದ್ರೆಯನ್ನು ಕೂಡುತ್ತದೆ. ಆ ಹಳ್ಳದ ನೀರು ಬರುವುದು ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದಿಂದ. ಜನರ ಬಾಯಲ್ಲಿ ಅದು ಸೂಳೆಕೆರೆ. ಶಾಂತವ್ವೆಯೆಂಬ ರಾಜಕುಮಾರಿ ಆ ಕೆರೆಯನ್ನು ಕಟ್ಟಿಸಿದಳೆಂದೂ, ನೆಲವನ್ನು ಬಿಟ್ಟುಕೊಟ್ಟ ಗಣಿಕೆಯರು ಕೆರೆಗೆ ತಮ್ಮ ಹೆಸರಿರಬೇಕೆಂದು ಕೇಳಿಕೊಂಡರೆಂದೂ ಐತಿಹ್ಯವಿದೆ. ರಾಕ್ಷಸನು ಕ್ಷೇತ್ರಕ್ಕೆ ತನ್ನ ಹೆಸರನ್ನು ಬೇಡಿದನು, ಇವರು ಕೆರೆಗೆ ಬೇಡಿದರು. ಎರಡು ಗುಡ್ಡಗಳ ಸಂದಿನಲ್ಲಿ ಹಾಕಿದ ಏರಿ ಆ ಕೆರೆಯ ಜೀವಾಳ. ಚೌಕದಲ್ಲಿ ಎರಡು ಮುಕ್ಕೋನುಗಳ ನಡುವೆ ಒಂದು ಗಟ್ಟಿಯಾದ ಪಟ್ಟಿಯನ್ನು ಹೊಲಿದು ಅದರ ಹಿಂದೆ ನೀಲಿಯನ್ನು ಹರಡಿದರೆ ಕೆರೆ ತಾನಾಗಿ ಕಾಣುತ್ತದೆ. ಕೆರೆಯ ಚೌಕದಿಂದ ಹೊರಟ ನೀಲಿಯ ಸಣ್ಣ ಪಟ್ಟಿ ಮುಂದಿನ ಚೌಕಗಳನ್ನು ದಾಟುತ್ತ ಹರಿಹರದ ಚೌಕದ ಮಗ್ಗುಲಿನ ಹೊಳೆಯನ್ನು ಸೇರಬೇಕು. ಹೀಗೆ ಮಾಡುವುದಾದರೆ ಚೌಕ ಹೊಲಿಯುವ ನಾಲ್ಕಾರು ಮಂದಿ, ಪಟ್ಟಿ ತಮ್ಮ ಚೌಕದ ಅಂಚನ್ನು ಎಲ್ಲಿ ಮುಟ್ಟುತ್ತದೆಂಬುದನ್ನು ಮೊದಲೇ ಮಾತನಾಡಿಕೊಳ್ಳಬೇಕು. ಅಂಗುಲದ ವ್ಯತ್ಯಾಸವಾದರೂ ಹಳ್ಳ ಕಡಿದುಹೋಗುತ್ತದೆ.

ಹೊಳೆಗೆ ಕಟ್ಟಿದ ಹಳೆಯ ಸೇತುವೆಯನ್ನೂ ಮರೆಯುವಂತಿಲ್ಲ. ಬೆಂಗಳೂರು ಧಾರವಾಡಗಳ ಹೆದ್ದಾರಿಗಾಗಿ ಕಲ್ಲು ಇಟ್ಟಿಗೆಗಳಿಂದ ಕಟ್ಟಿದ ಅದು 1868ರಲ್ಲಿ ಮುಗಿಯಿತು. ಅದಕ್ಕೆ ತಲಾ 60 ಅಡಿ ಅಗಲದ 14 ಕಮಾನುಗಳು. 1956ರ ನವೆಂಬರ್ 1ರವರೆಗೆ ಈ ದಡ ಮೈಸೂರು ರಾಜ್ಯ, ಆ ದಡ ಮುಂಬಯಿ ರಾಜ್ಯ. ಎರಡೂ ಕಡೆ ಆಡುವ ಮಾತು ಒಂದೇ ಕನ್ನಡ, ಹೊದೆಯುವ ಕೌದಿಯೂ ಒಂದೇ. ಮೈಸೂರಿನ ಗಡಿಯ ಊರಾಗಿದ್ದ ಹರಿಹರ ಏಕೀಕರಣದ ನಂತರ ನಾಡಿನ ನಡುವಿಗೆ ಬಂದಿತು. ಸೇತುವೆಯನ್ನು ಒಂದೇ ಚೌಕದಲ್ಲಿ ಹಿಡಿಸುವುದು ಕಷ್ಟ. ಅಕ್ಕಪಕ್ಕದ ಎರಡು ಚೌಕಗಳಲ್ಲಿ ಏಳೇಳು ಕಮಾನುಗಳಂತೆ ಹಂಚಿದರೆ, ಹನ್ನೆರಡು ಅಂಗುಲದ ಚೌಕದಲ್ಲಿ ಒಂದೊಂದು ಕಮಾನಿಗೆ ಒಂದೂಮುಕ್ಕಾಲು ಅಂಗುಲಕ್ಕೆ ತುಸು ಕಡಿಮೆ ಅಗಲ ದೊರೆಯುತ್ತದೆ. ಕಂದುಬಣ್ಣದ ಪಟ್ಟಿಯ ಮೇಲೆ ಕಮಾನಿನ ಆಕಾರದ ನೀಲಿ ತುಂಡುಗಳನ್ನು ಹೊಲಿಯುವುದು ಸುಲಭದ ದಾರಿ. ಬಾಗಿದ ಅಂಚು ಮಡಿಸುವಾಗ ಸುಕ್ಕುಗಟ್ಟುತ್ತದೆ. ಅಂಚಿನುದ್ದಕ್ಕೂ ಕತ್ತರಿಯಿಂದ ಸಣ್ಣ ಸಣ್ಣ ಕಚ್ಚು ಹಾಕಿಕೊಂಡರೆ ನಯವಾಗಿ ಮಡಿಯುತ್ತದೆ.

ಇನ್ನು ಅಳತೆಯ ಮಾತು. ನಾಲ್ಕಡಿ ಅಗಲ, ಆರಡಿ ಉದ್ದದ ಕೌದಿಗೆ ಒಂದಡಿಯ ಚೌಕಗಳು 24 ಬೇಕು. ಚೌಕವನ್ನು ಸರಿಯಾಗಿ ಒಂದಡಿಗೆ ಕತ್ತರಿಸುವುದು ಹೊಸಬರ ತಪ್ಪು. ಎರಡು ತುಂಡುಗಳನ್ನು ಕೂಡಿಸುವಾಗ ಪ್ರತಿ ಅಂಚಿನಲ್ಲಿ ಅರ್ಧ ಅಂಗುಲ ಹೊಲಿಗೆಯೊಳಗೆ ಹೋಗುತ್ತದೆ. ಹನ್ನೆರಡು ಅಂಗುಲದ ತುಂಡು ಹನ್ನೊಂದಾಗಿ, ಆರು ಸಾಲಿನ ಉದ್ದ 72 ಅಂಗುಲದ ಬದಲು 66ಕ್ಕೆ ಇಳಿಯುತ್ತದೆ. ಮಲಗಿದವನ ಕಾಲು ಹೊರಗೆ ಬರಲು ಅಷ್ಟು ಸಾಕು. ಆದುದರಿಂದ ಹದಿಮೂರು ಅಂಗುಲಕ್ಕೆ ಕತ್ತರಿಸಬೇಕು. ನೂಲಿನ ನೇರಕ್ಕೆ ಕತ್ತರಿಸುವುದೂ ಮುಖ್ಯ. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದಂತೆ ಹಿಗ್ಗಿ ಚೌಕದ ಆಕಾರ ಕೆಡುತ್ತದೆ. ಹೊಸ ಬಟ್ಟೆಯನ್ನು ಹಳೆಯದರೊಡನೆ ಕೂಡಿಸುವುದಾದರೆ ಅದನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು. ಇಲ್ಲವಾದರೆ ಮೊದಲ ಒಗೆತದಲ್ಲಿಯೇ ಹೊಸದು ಕುಗ್ಗಿ ಹಳೆಯದನ್ನು ಹರಿಯುತ್ತದೆ. ಚಿತ್ರವನ್ನು ಆದಷ್ಟು ಕಡಿಮೆ ತುಂಡುಗಳಿಗೆ ಇಳಿಸಬೇಕು. ಕುಂಚ ತೋರಿಸುವ ಬಾಗು ಬಳುಕುಗಳನ್ನು ಕತ್ತರಿ ತೋರಿಸಲಾರದು. ಐದಾರು ತುಂಡುಗಳಲ್ಲಿ ಗುಡ್ಡ ಗುಡ್ಡವೆಂದು ತಿಳಿದರೆ ಸಾಕು.

ಬಟ್ಟೆಯನ್ನು ಅಂಗಡಿಯಿಂದ ಕೊಂಡು ತರುವುದಕ್ಕಿಂತ ಮನೆಯ ಹಳೆಯ ಗಂಟನ್ನು ಬಿಚ್ಚುವುದು ಮೇಲು. ಖರ್ಚಿಲ್ಲವೆಂಬುದೊಂದೇ ಕಾರಣವಲ್ಲ. ಗಿರಣಿಯಲ್ಲಿ ದುಡಿದ ತಾತನ ಧೋತರದ ಅಂಚು ಗಿರಣಿಯ ಚೌಕಕ್ಕೆ ಬಂದರೆ ಆ ಚೌಕ ಹೇಳುವುದೇ ಬೇರೆ. ಗಂಟನ್ನು ಬಿಚ್ಚುವಾಗ ಮನೆಯ ಹಿರಿಯರನ್ನು ಹತ್ತಿರ ಕೂರಿಸಿಕೊಳ್ಳುವುದು ಒಳ್ಳೆಯದು. ಇದು ಯಾರ ಮದುವೆಯ ಸೀರೆ, ಇದನ್ನು ಯಾವ ಜಾತ್ರೆಯಲ್ಲಿ ಕೊಂಡದ್ದು ಎಂಬುದು ಅವರಿಗಲ್ಲದೆ ಬೇರಾರಿಗೂ ತಿಳಿದಿರುವುದಿಲ್ಲ. ಹಾಗೆ ಕೇಳಿದ ಕಥೆಗಳಲ್ಲಿ ಒಂದೆರಡು ಚೌಕವಾಗಲೂಬಹುದು. ಪುರಾಣದ ಕಥೆಗೆ ಎಷ್ಟು ಜಾಗವೋ ಇದಕ್ಕೂ ಅಷ್ಟೇ ಜಾಗ.

ಚೌಕಗಳೆಲ್ಲ ಮುಗಿದ ಮೇಲೆ ನೆಲದ ಮೇಲೆ ಹರಡಿ, ದೂರ ನಿಂತು ನೋಡಿ, ಬಣ್ಣಗಳು ಒಂದೇ ಕಡೆ ಗುಂಪಾಗದಂತೆ ಸ್ಥಳ ಬದಲಾಯಿಸಬೇಕು. ನಾಲ್ಕು ಅಂಚುಗಳ ನಡುವಿನ ಚೌಕಗಳು ಗುಹಾಸುರನ ಸೀಮೆಯ ನಾಲ್ಕು ಎಲ್ಲೆಗಳಾಗಬಹುದು: ಉಚ್ಚಂಗಿಯ ದುರ್ಗ ಮೂಡಣಕ್ಕೆ, ಐರಣಿ ಬಡಗಣಕ್ಕೆ, ಗೋವಿನಕೋವಿ ತೆಂಕಣಕ್ಕೆ, ಮುದನೂರು ಪಡುವಣಕ್ಕೆ. ಆಗ ಕೌದಿ ಹಾಸಿದರೆ ಸೀಮೆಯ ನಕಾಶೆಯನ್ನೇ ಹಾಸಿದಂತಾಗುತ್ತದೆ. ಸಾಲು ಸಾಲಾಗಿ ಚೌಕಗಳನ್ನು ಕೂಡಿಸಿ, ಸಾಲುಗಳನ್ನು ಒಂದಕ್ಕೊಂದು ಹೊಲಿದು, ಅಡಿಗೆ ಹಳೆಯ ಸೀರೆಯ ಪದರಗಳನ್ನಿಟ್ಟು, ಅಂಚಿನಿಂದ ಸಾದಾ ಹೊಲಿಗೆ ಹಿಡಿಯಬೇಕು. ಈ ಹೊಲಿಗೆ ಚಿತ್ರಗಳ ಮೇಲೆಯೇ ಹಾದುಹೋಗುತ್ತದೆ. ಚಿತ್ರ ಕೆಡುತ್ತದೆಂದು ಹೊಲಿಗೆಯನ್ನು ವಿರಳ ಮಾಡಿದರೆ ಅದು ಗೋಡೆಗೆ ತೂಗುವ ಪಟವಾದೀತೇ ಹೊರತು ಕೌದಿಯಾಗದು. ಮಹಾನವಮಿಯ ಮುನ್ನ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹೊಳೆಗೆ ಹೊತ್ತು ಒಗೆಯುವ ರೂಢಿ ಈ ಕಡೆ ಉಂಟು. ನೀರು ಕುಡಿದ ಕೌದಿಯನ್ನು ಹಿಂಡಲು ಇಬ್ಬರು ಎದುರುಬದುರು ನಿಲ್ಲಬೇಕಾಗುತ್ತದೆ. ಆ ಎಳೆತವನ್ನು ತಡೆಯುವಷ್ಟು ಗಟ್ಟಿಯಾಗಿರಬೇಕು ಹೊಲಿಗೆ.

ಸುತ್ತುಗಳು ನಡುವಿಗೆ ಬಂದಾಗ ಕೊನೆಯಲ್ಲಿ ಅಂಗೈಯಗಲದ ಜಾಗ ಉಳಿಯುತ್ತದೆ. ಕೌದಿಯ ಹೊಟ್ಟೆ ಬರಿದಾಗಿ ಉಳಿಯಬಾರದೆಂದು ಕೆಲವು ಮನೆಗಳಲ್ಲಿ ಅಲ್ಲಿ ಒಂದು ಚೂರು ರೊಟ್ಟಿಯನ್ನೋ ನಾಲ್ಕು ಕಾಳು ಅಕ್ಕಿಯನ್ನೋ ಇಟ್ಟು, ಮೇಲೆ ಕೊನೆಯ ತುಂಡನ್ನು ಹಾಕಿ ಹೊಲಿದು ದಾರಕ್ಕೆ ಗಂಟು ಹಾಕುತ್ತಾರೆ.